ಕಥೆ ಪುಸ್ತಕಕ್ಕೆ ಬೆಲೆ ಕೇಳುವ ಸಂಕೋಚ

ಮಾನ್ಯ ಸಂಪಾದಕರೆ,

ಕನ್ನಡದಲ್ಲಿ ಕಥಾಸಂಕಲನಗಳನ್ನು ಕೊಂಡು ಓದುವವರು ಇಲ್ಲವಾಗಿದ್ದಾರೆ, ಹೀಗಾಗಿ ಸಣ್ಣ ಪ್ರಕಾಶಕರು ಕಥೆಗಳ ಹಸ್ತಪ್ರತಿ ಮುಟ್ಟಲೂ ಹಿಂಜರಿಯುತ್ತಾರೆ ಎಂಬ ಮಾತು ತಮ್ಮ ಭಾನುವಾರದ ಪುರವಣಿಯ ಲೇಖನವೊಂದರಲ್ಲಿ ಬಂದಿತ್ತು. ಪ್ರಕಾಶಕರು ಹಿಂಜರಿಯುತ್ತಾರೆ ಎಂಬುದು ನಿಜ. ಕೊಳ್ಳುವವರಿಲ್ಲ ಎಂಬುದನ್ನು ಮಾತ್ರ, ನನ್ನ ಮೊದಲ ಕಥಾಸಂಕಲನವನ್ನು ಒಂದು ವರ್ಷ ಕೈಯಾರೆ ಮಾರಿದ ಮೇಲೆ, ನಾನು ಒಪ್ಪಲಾರೆ. ಕೊಳ್ಳುವವರ ಜೇಬಿಗಿಂತ ಬರೆದವರ ಸಂಕೋಚವೇ ಪುಸ್ತಕದ ಮಾರಾಟಕ್ಕೆ ಹೆಚ್ಚು ಅಡ್ಡ ಬರುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ.

ನನ್ನದು ಹನ್ನೊಂದು ಕಥೆಗಳ, 144 ಪುಟಗಳ ಪುಸ್ತಕ. ಪ್ರಕಾಶಕರು ಧಾರವಾಡದಲ್ಲಿ ಒಂದೇ ಕೋಣೆಯಲ್ಲಿ ಪ್ರಕಾಶನ ನಡೆಸುವವರು. ಕರಡು ತಿದ್ದುವವರೂ ಅವರೇ, ಕಟ್ಟು ಕಟ್ಟಿ ಬಸ್ಸಿಗೆ ಹಾಕುವವರೂ ಅವರೇ. 2024ರ ಡಿಸೆಂಬರ್ ಮೊದಲ ವಾರದಲ್ಲಿ 500 ಪ್ರತಿ ಅಚ್ಚಾಯಿತು. ಡಿಟಿಪಿ, ಮುಖಪುಟ, ಕಾಗದ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ 42 ಸಾವಿರ ರೂಪಾಯಿ ಖರ್ಚು; ಅರ್ಧ ಅವರು ಹಾಕಿದರು, ಅರ್ಧ ನಾನು. ಪ್ರತಿಯೊಂದರ ಅಸಲು 84 ರೂಪಾಯಿ, ಮುಖಬೆಲೆ 170. ಅಂಗಡಿಯವರಿಗೆ ಶೇ 40ರಷ್ಟು ರಿಯಾಯಿತಿ ಬಿಟ್ಟುಕೊಟ್ಟರೆ ಕೈಗೆ ಬರುವುದು 102 ರೂಪಾಯಿ, ಅದರಲ್ಲಿ ಸಾಗಣೆಯ ಖರ್ಚನ್ನೂ ಕಳೆಯಬೇಕು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಆದರೆ ಪುಸ್ತಕಕ್ಕೆ ತೆರಿಗೆ ಇಲ್ಲದಿರುವುದರಿಂದಲೇ, ಕಾಗದಕ್ಕೂ ಮುದ್ರಣಕ್ಕೂ ತೆತ್ತ ತೆರಿಗೆಯನ್ನು ಮರಳಿ ಪಡೆಯಲು ಬಾರದೆ ಅದು ಅಸಲಿನಲ್ಲೇ ಸೇರಿಹೋಗುತ್ತದೆ.

ಬಿಡುಗಡೆ ಸಮಾರಂಭ ಹಾವೇರಿಯಲ್ಲಿ ನಡೆಯಿತು. ಸುಮಾರು 200 ಮಂದಿ ಸೇರಿದ್ದರು. ವೇದಿಕೆಯ ಮೇಲಿನ ಗಣ್ಯರಿಗೆ ನಮ್ಮೂರಿನ ಪದ್ಧತಿಯಂತೆ ಏಲಕ್ಕಿ ಹಾರ ಹಾಕಿದೆವು. ಆ ಒಂದು ಹಾರದ ಹಣಕ್ಕೆ ನನ್ನ ಪುಸ್ತಕದ ನಾಲ್ಕು ಪ್ರತಿಗಳಾದರೂ ಬರುತ್ತಿದ್ದವು. ಭಾಷಣಗಳು ಎರಡೂವರೆ ಗಂಟೆ ನಡೆದವು. ಪುಸ್ತಕದ ಮೇಜನ್ನು ಮಾತ್ರ ನಾವೇ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕ ಇಟ್ಟಿದ್ದೆವು, ಸಾಹಿತ್ಯದ ಸಭೆಯಲ್ಲಿ ವ್ಯಾಪಾರ ಎದ್ದು ಕಾಣಬಾರದು ಎಂಬ ಭಾವನೆಯಿಂದ. ಎಲ್ಲರೂ ಮಂಡಕ್ಕಿ ಮಿರ್ಚಿ ತಿಂದು, ನನ್ನ ಕೈಕುಲುಕಿ, ‘ನನಗೊಂದು ಕಾಪಿ ತೆಗೆದಿಡ್ರಿ ಸರ್’ ಎಂದು ಹೇಳಿ ಹೋದರು. ಆ ದಿನ ಮಾರಾಟವಾದದ್ದು 37 ಪ್ರತಿ. ತೆಗೆದಿಡಲು ಹೇಳಿ ಹೋದವರಿಗೆ, ಹಿರಿಯ ಸಾಹಿತಿಗಳಿಗೆ, ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ, ಬಂಧುಗಳಿಗೆ ಮುಂದಿನ ಎರಡು ತಿಂಗಳಲ್ಲಿ ‘ಗೌರವಪೂರ್ವಕವಾಗಿ’ ಎಂದು ಬರೆದು ರುಜು ಹಾಕಿ ಕೊಟ್ಟದ್ದು 96 ಪ್ರತಿ, ಅಂದರೆ ಅಸಲಿನ ಲೆಕ್ಕದಲ್ಲೇ ಎಂಟು ಸಾವಿರ ರೂಪಾಯಿಗೂ ಮಿಕ್ಕ ಬಾಬತ್ತು. ಆ ತೊಂಬತ್ತಾರು ಮಂದಿಯಲ್ಲಿ ಓದಿ ಅಭಿಪ್ರಾಯ ತಿಳಿಸಿದವರು ಆರು ಜನ. ಹಣ ಕೊಟ್ಟು ಒಯ್ದ ಮೂವತ್ತೇಳು ಮಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಫೋನ್ ಮಾಡಿದರು. ಒಬ್ಬರಂತೂ ಮೂರನೆಯ ಕಥೆಯ ಮುಗಿತಾಯ ಸರಿಯಿಲ್ಲವೆಂದು ಅರ್ಧ ಗಂಟೆ ಜಗಳವಾಡಿದರು. ಅಂಥ ಜಗಳದ ಸುಖ ಉಚಿತ ಪ್ರತಿಗಳಿಂದ ನನಗೆ ಸಿಗಲಿಲ್ಲ.

ನನ್ನ ಸಂಕೋಚ ಬಿಡಿಸಿದವರು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಅವರ ಮನೆಗೆ ಗೌರವ ಪ್ರತಿ ಕೊಡಲೆಂದೇ ಹೋಗಿದ್ದೆ. ಅವರು ಹಿಂಬದಿ ತಿರುಗಿಸಿ ಬೆಲೆ ನೋಡಿ, ಇನ್ನೂರು ರೂಪಾಯಿ ಕೊಟ್ಟು, ಚಿಲ್ಲರೆ ವಾಪಸು ಪಡೆಯದೆ, ‘ಜ್ವಾಳ ಪುಕ್ಕಟೆ ಕೊಡ್ತಾರೇನಪಾ?’ ಎಂದರು. ತಾವು ಕಲಿಸಿದ ಶಾಲೆಯ ಸ್ನೇಹ ಸಮ್ಮೇಳನದಲ್ಲಿ ಮಕ್ಕಳಿಗೆ ಬಹುಮಾನವಾಗಿ ಕೊಡುವ ಸ್ಟೀಲ್ ತಾಟು, ಡಬ್ಬಿಗಳ ಬದಲು ಹತ್ತು ಪುಸ್ತಕ ತರಿಸುವಂತೆ ಮಾಡಿದವರೂ ಅವರೇ. ಆ ದಾರಿ ಹಿಡಿದು ಸುತ್ತಲಿನ ಏಳೆಂಟು ಶಾಲೆಗಳಿಗೆ ಹೋದೆ; ಒಟ್ಟು 85 ಪ್ರತಿ ಹೀಗೆ ಮಾರಾಟವಾದವು.

ನಾಚಿಕೆ ಪಡಲು ನಮಗೆ ಕಾರಣವೇ ಇರಲಿಲ್ಲ. ನಮ್ಮ ಹಾವೇರಿ ಸೀಮೆಯ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ಕನ್ನಡ ಓದುವವರೇ ವಿರಳವಾಗಿದ್ದ ಕಾಲದಲ್ಲಿ ತಾವು ಬರೆದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಮೇಲೆ. ಗಳಗನಾಥರ ಹೆಸರು ಹೇಳಿ ಭಾಷಣ ಮಾಡುವ ನಾವು, ಹೆಗಲ ಚೀಲದಲ್ಲಿರುವ ನಮ್ಮದೇ ಪುಸ್ತಕವನ್ನು ಹೊರಗೆ ತೆಗೆದು ‘ನೂರಾ ಎಪ್ಪತ್ತು ರೂಪಾಯಿ’ ಎನ್ನಲು ತಡವರಿಸುತ್ತೇವೆ.

ಸಂಕೋಚ ಬಿಟ್ಟ ಮಾತ್ರಕ್ಕೆ ಎಲ್ಲವೂ ಸಲೀಸಾಯಿತು ಎಂದಲ್ಲ. ಅದೇ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನದಲ್ಲಿ ಪರಿಚಿತ ಪ್ರಕಾಶಕರೊಬ್ಬರ ಮಳಿಗೆಯ ಮೂಲೆಯಲ್ಲಿ ನಿಂತು ಮೂರು ದಿನಗಳಲ್ಲಿ 22 ಪ್ರತಿ ಮಾರಿದೆ. ಪ್ರಯಾಣದ ಖರ್ಚೂ ಹುಟ್ಟಲಿಲ್ಲ, ಆದರೆ ಪುಸ್ತಕದ ಸುದ್ದಿ ದಕ್ಷಿಣದ ಜಿಲ್ಲೆಗಳಿಗೆ ಹೋಯಿತು. ಫೋನಿನಲ್ಲಿ ಕೇಳಿದವರಿಗೆ ಅಂಚೆಯಲ್ಲಿ ಕಳುಹಿಸೋಣವೆಂದರೆ, ಐದು ಕಿಲೋ ಪುಸ್ತಕವನ್ನು 80 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಮುಟ್ಟಿಸುತ್ತಿದ್ದ ನೋಂದಾಯಿತ ಪುಸ್ತಕ ಅಂಚೆಯನ್ನು ಅಂಚೆ ಇಲಾಖೆ ಸಮ್ಮೇಳನಕ್ಕೆ ಎರಡು ದಿನ ಮೊದಲಷ್ಟೇ ನಿಲ್ಲಿಸಿತ್ತು. 170 ರೂಪಾಯಿಯ ಪುಸ್ತಕಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಕೊರಿಯರ್ ಖರ್ಚು ಕೇಳಿ ಹಿಂದೆ ಸರಿದ ಓದುಗರನ್ನು ನಾನು ದೂರಲಾರೆ. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಫೋನಿನಲ್ಲಿ ಬಂದ ಬೇಡಿಕೆಯ 140 ಪ್ರತಿಗಳಲ್ಲಿ ಹೆಚ್ಚಿನವು ಹೋದದ್ದು ಇದರಲ್ಲೇ. ಪಠ್ಯಪುಸ್ತಕಗಳ ಜೊತೆ ಸಾಂಸ್ಕೃತಿಕ ಪುಸ್ತಕಗಳಿಗೂ ಈ ಸೌಲಭ್ಯವಿದೆ ಎನ್ನುತ್ತಾರೆ. ಕಥೆ, ಕವಿತೆಯ ಪುಸ್ತಕಗಳೂ ಅದರಲ್ಲಿ ಸೇರುತ್ತವೆ ಎಂದು ಇಲಾಖೆ ಹೆಸರಿಸಿಯೇ ಹೇಳಿದರೆ ಸಣ್ಣ ಪ್ರಕಾಶಕರಿಗೆ ಧೈರ್ಯ ಬರುತ್ತದೆ. ಇಂಥದೊಂದು ಅಂಚೆ ಇದೆಯೆಂಬುದೇ ನನಗೆ ಗೊತ್ತಿರುವ ಅನೇಕ ಬರಹಗಾರರಿಗೆ ತಿಳಿದಿಲ್ಲ.

ಅಂಗಡಿಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ. ಮಾರಿದ ಮೇಲೆ ಹಣ ಕೊಡುವ ಕರಾರಿನಲ್ಲಿ ಮೂರು ಕಡೆ 60 ಪ್ರತಿ ಇಟ್ಟೆ. ಎರಡು ಕಡೆ ಹಣ ಬಂತು, ಮೂರನೆಯವರು ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಪುಸ್ತಕ ಅಚ್ಚು ಹಾಕುವ ಕಾಲ ಹೋಯಿತು ಎಂದು ನನ್ನ ಪ್ರಕಾಶಕರೇ ಎಚ್ಚರಿಸಿದ್ದರು. ಆಸ್ತಿ ತೆರಿಗೆಯ ಜೊತೆ ಜನರಿಂದ ಪಡೆದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಳ್ಳುವ ಸುದ್ದಿಯನ್ನು ಪತ್ರಿಕೆಗಳೇ ಎಷ್ಟೋ ಸಲ ಪ್ರಕಟಿಸಿವೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದನೆಯ ಫಲಕಗಳು ಊರೂರಲ್ಲಿ ಎದ್ದವು. ಆ ಸಂಭ್ರಮದಲ್ಲಿ ಗ್ರಂಥಾಲಯಗಳಿಗೆ ಒಂದಿಷ್ಟು ಹೊಸ ಕಥೆ ಪುಸ್ತಕ ಕೊಳ್ಳುವ ಮಾತೂ ಬರಬಹುದೆಂದು ಕಾದೆ.

ಕೊನೆಯದಾಗಿ ಪತ್ರಿಕೆಗೊಂದು ಬಿನ್ನಹ. ‘ಸಾದರ ಸ್ವೀಕಾರ’ದಂಥ ಅಂಕಣದಲ್ಲಿ ಪುಸ್ತಕದ ಹೆಸರಿನೊಂದಿಗೆ ಬೆಲೆಯನ್ನೂ ಪ್ರಕಾಶಕರ ದೂರವಾಣಿ ಸಂಖ್ಯೆಯನ್ನೂ ತಪ್ಪದೆ ಮುದ್ರಿಸಿ. ಬೇರೊಂದು ಪತ್ರಿಕೆಯಲ್ಲಿ ನನ್ನ ಪುಸ್ತಕದ ಬಗ್ಗೆ ನಾಲ್ಕು ಸಾಲು ಬಂದ ಭಾನುವಾರ ಕುಂದಾಪುರ, ಹೊಸಪೇಟೆ, ಮುಂಬೈಗಳಿಂದ ಹನ್ನೊಂದು ಕರೆಗಳು ಬಂದವು. ಇನ್ನೊಂದರಲ್ಲಿ ಅರ್ಧ ಪುಟದ ವಿಮರ್ಶೆ ಬಂದರೂ ಸಂಖ್ಯೆ ಇಲ್ಲದ ಕಾರಣ ಒಂದು ಕರೆಯೂ ಬರಲಿಲ್ಲ. ಈಗ ನಮ್ಮ ಮನೆಯ ಅಟ್ಟದ ಮೇಲೆ 60 ಪ್ರತಿಗಳು ಉಳಿದಿವೆ. ವಿಮರ್ಶೆಗೆಂದು ತಮಗೆ ಕಳುಹಿಸುತ್ತಿರುವ ಎರಡನ್ನು ಬಿಟ್ಟು, ಅವುಗಳಲ್ಲಿ ಒಂದನ್ನೂ ಗೌರವ ಪ್ರತಿಯಾಗಿ ಕೊಡುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಥೆಗಾರ, ಹಾವೇರಿ