ಒಂದೇ ಪುಟ, ಎರಡು ಸಲ

ಆಪರೇಷನ್ ಮುಗಿದು, ಆಸ್ಪತ್ರೆಯಿಂದ ಮನೆಗೆ ಬಂದು ಹನ್ನೆರಡು ದಿನವಾಯಿತು. ಈಗ ಗೇಟಿನವರೆಗೆ ಒಬ್ಬನೇ ನಡೆಯುತ್ತೇನೆ. ಏನಾಯಿತು, ಹೇಗಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಆ ಪುರಾಣ ಬೇಡ. ರಕ್ತ ಕೊಟ್ಟ ಆಫೀಸಿನ ಹುಡುಗರಿಗೆ, ದಿನಾ ಗಂಜಿ ಕಳಿಸಿದ ಎದುರುಮನೆಯವರಿಗೆ, ಗದರಿಸಿ ಗದರಿಸಿ ನಡೆಸಿದ ಸಿಸ್ಟರ್‌ಗಳಿಗೆ ನಾನು ಋಣಿ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ಅದಕ್ಕೇ ಬಿಟ್ಟೆ.

ಉಳಿದದ್ದೆಲ್ಲ ನನ್ನ ಭಾಮೈದನಿಗೆ.

ಆಪರೇಷನ್ ಆದ ಮೂರನೇ ರಾತ್ರಿ. ಎರಡು ಗಂಟೆ ಇರಬೇಕು. "ಸಾಕು ಕಣೋ, ನನ್ನ ಕೈಲಿ ಆಗಲ್ಲ" ಅಂದೆ. ಸುಮ್ನೆ ಅಂದದ್ದಲ್ಲ. ಬೆಳಗಾಗುವುದೇ ಬೇಡ ಅನ್ನಿಸಿತ್ತು. ಅವನು ಧೈರ್ಯ ಹೇಳಲಿಲ್ಲ. ದಿಂಬಿನ ಪಕ್ಕದಲ್ಲಿದ್ದ, ಅಮೆರಿಕದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್‌ನ ಜೀವನಚರಿತ್ರೆ ಎತ್ತಿಕೊಂಡು, ಮೊಬೈಲ್ ಬೆಳಕಿನಲ್ಲಿ ಓದತೊಡಗಿದ. ಜಾಝ್ ಗಂಧ ಅವನಿಗಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದು ಸಾಲು ತಡವರಿಸಿ ಓದುವುದು, ಅದನ್ನೇ ಕನ್ನಡದಲ್ಲಿ ಹೇಳುವುದು.

ಆರ್ಮ್‌ಸ್ಟ್ರಾಂಗ್ ಆಗ ನ್ಯೂ ಆರ್ಲಿಯನ್ಸ್‌ನ ಬಡ ಹುಡುಗ, ಏಳು ವರ್ಷ ಇರಬಹುದು. ಲಿಥುವೇನಿಯಾದಿಂದ ವಲಸೆ ಬಂದ ಕಾರ್ನಾಫ್‌ಸ್ಕಿ ಎಂಬ ಯಹೂದಿ ಮನೆಯವರ ಗುಜರಿ ಗಾಡಿಯಲ್ಲಿ ಕೆಲಸ. ಹುಡುಗ ತಗಡಿನ ತುತ್ತೂರಿ ಊದಿದರೆ ಮಕ್ಕಳು ಹಳೇ ಬಟ್ಟೆ, ಬಾಟಲಿ ಹಿಡಿದು ಓಡಿಬರುತ್ತಿದ್ದರು.

"ನಮ್ಮ ಐಸ್ ಕ್ಯಾಂಡಿಯವನ ಪೊಂಪೊಂ ತರಾನಾ ಭಾವ?"

ನಗು ಬಂತು. ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರೂ ಬಂತು.

5 ಡಾಲರ್‌ನ ಹಳೇ ಕಾರ್ನೆಟ್, ಅಂದರೆ ಟ್ರಂಪೆಟ್‌ನಂಥ ಊದುವ ವಾದ್ಯ, ಕೊಳ್ಳಲು ಸಾಲ ಕೊಟ್ಟದ್ದು ಅದೇ ಮನೆಯವರು. ರಾತ್ರಿ ಊಟಕ್ಕೂ ಕೂರಿಸಿಕೊಳ್ಳುತ್ತಿದ್ದರು. ಇದನ್ನೆಲ್ಲ ಆರ್ಮ್‌ಸ್ಟ್ರಾಂಗ್ ತನ್ನ ಕೈಯಾರೆ ಬರೆದಿಟ್ಟದ್ದು ಯಾವಾಗ ಗೊತ್ತಾ? 1969ರಲ್ಲಿ, ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ಹಾಸಿಗೆಯಲ್ಲಿ. ಆಗ ವಯಸ್ಸು 67. ಅಷ್ಟು ಹೆಸರು ಮಾಡಿದ ಮನುಷ್ಯನಿಗೆ ಅಲ್ಲಿ ಮಲಗಿದಾಗ ನೆನಪಾದದ್ದು ಆ ಮನೆಯ ಊಟ, ಮಗುವನ್ನು ಮಲಗಿಸುವಾಗ ಅವರು ಹಾಡುತ್ತಿದ್ದ ಜೋಗುಳ.

ಆ ಪುಟವನ್ನು ಭಾಮೈದ ಎರಡು ಸಲ ಓದಿದ. ನಿದ್ದೆಗಣ್ಣು, ಅವನಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಅಂತ ಭಯ. ಐದು ಗಂಟೆಗೆ ಸಿಸ್ಟರ್ ಬಿಪಿ ನೋಡಲು ಬಂದಾಗಲೂ ಓದುತ್ತಲೇ ಇದ್ದ. ಗಂಟಲು ಕಟ್ಟಿತ್ತು.

ಪುಸ್ತಕ ಇನ್ನೂ ಮುಗಿದಿಲ್ಲ. 1922. ತನ್ನ ಗುರು, ಕಾರ್ನೆಟ್ ವಾದಕ ಕಿಂಗ್ ಆಲಿವರ್ ಕರೆದ ಅಂತ ಆರ್ಮ್‌ಸ್ಟ್ರಾಂಗ್ ಈಗಷ್ಟೇ ಷಿಕಾಗೋ ರೈಲು ಹತ್ತಿದ್ದಾನೆ. ಗುರುತಿಗೆ ಮೆಡಿಕಲ್ ಸ್ಟೋರಿನ ಬಿಲ್ ಇಟ್ಟಿದ್ದೇವೆ. ನಾನೊಬ್ಬನೇ ಮುಂದೆ ಓದುವಂತಿಲ್ಲ ಅಂತ ಒಪ್ಪಂದ.

ಭಾನುವಾರ ಬೇಗ ಬಾರೋ. ಉಪ್ಪಿಟ್ಟು ಮಾಡ್ತೀನಿ ಅಂದಿದ್ದಾಳೆ ನಿಮ್ಮಕ್ಕ.