ನಡಿಗೆ ಬಳಗದವರಿಗೆ: ಸೊಂಟನೋವಿನ ಮಾತ್ರೆ ಮತ್ತು ಹೃದಯ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ಒಬ್ಬರು ಸೊಂಟನೋವಿಗೆ "ಇದು ತಗೊಳ್ಳಿ, ಎರಡೇ ದಿನಕ್ಕೆ ಹೋಗುತ್ತೆ" ಅಂತ ಡೈಕ್ಲೋಫೆನಾಕ್ ಮಾತ್ರೆಯ ಫೋಟೊ ಹಾಕಿದ್ದರು. ಮನಸ್ಸು ಒಳ್ಳೆಯದೇ, ಬೇಜಾರು ಮಾಡ್ಕೋಬೇಡಿ. ಆದರೆ ನಮ್ಮಲ್ಲಿ ಸ್ಟೆಂಟ್ ಹಾಕಿಸಿಕೊಂಡವರೂ ಇದ್ದಾರೆ.

ಈ ಜಾತಿಯ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸಬಲ್ಲವು. ರಕ್ತ ಹೆಪ್ಪುಗಟ್ಟದಂತೆ ಕಾಯುವ ಪ್ರೊಸ್ಟಾಸೈಕ್ಲಿನ್ ಎಂಬ ವಸ್ತುವನ್ನೂ ತಗ್ಗಿಸುತ್ತವೆ. ವಯಾಕ್ಸ್ ನೆನಪಿದೆಯಾ? ಸಂಧಿನೋವಿಗೆಂದು ಲೋಕವೆಲ್ಲ ನುಂಗಿದ ಮಾತ್ರೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುವುದು ಪ್ರಯೋಗದಲ್ಲಿ ಕಂಡು 2004ರಲ್ಲಿ ಮರ್ಕ್ ಕಂಪನಿಯೇ ಹಿಂದಕ್ಕೆ ತೆಗೆದುಕೊಂಡಿತು. ಡೈಕ್ಲೋಫೆನಾಕ್ ಕೂಡ ಹೃದ್ರೋಗ ಇರುವವರಿಗೆ ಬೇಡ ಎಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ಇದೇ ಜಾತಿಯ ಇನ್ನೊಂದು ನೋವಿನ ಮಾತ್ರೆ ಐಬುಪ್ರೊಫೆನ್‌ಗೆ ಬೇರೆ ತಕರಾರು: ಹೃದಯಕ್ಕೆಂದು ತಗೊಳ್ಳುವ ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರಬಹುದು. ಹಾಗಂತ ಡಾಕ್ಟರ್ ಕೊಟ್ಟ ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ!

ಈಗ ಖುಷಿಯ ಸುದ್ದಿ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ಸಲಹೆಯಂತೆ ಹಂತಹಂತವಾಗಿ ನಡಿಗೆ ಹೆಚ್ಚಿಸಿದವರಿಗೆ ನೋವು ಮರಳಲು ಸರಾಸರಿ 208 ದಿನ ಹಿಡಿಯಿತು, ಉಳಿದವರಿಗೆ 112. ಹೃದಯಕ್ಕೂ ಅದೇ ಮದ್ದು, ಅದೂ ಪುಕ್ಕಟೆ.

ನೋವಿನ ಜೊತೆ ಕಾಲಲ್ಲಿ ಬಲ ಹೋದರೆ, ಮೂತ್ರ ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನು ಮುಂದೆ ಗುಂಪಿನಲ್ಲಿ ಮಾತ್ರೆಯ ಫೋಟೊ ಬೇಡ, ದಯವಿಟ್ಟು. ನಾಳೆ ಆರಕ್ಕೆ ಕೆರೆ ಏರಿ ಹತ್ತಿರ ಸಿಗೋಣ.