ಪುಟ್ಟಿ, ಕೆಲ್ಸ ಒಪ್ಕೊಳೋ ಮುಂಚೆ ಇದನ್ನ ಓದು

ಪುಟ್ಟಿ,

ನಿನ್ ಮೆಸೇಜ್ ರಾತ್ರಿನೇ ನೋಡ್ದೆ, ನಾಲ್ಕು ಸಾಲಲ್ಲಿ ಮುಗಿಯೋ ವಿಷಯ ಅಲ್ಲ ಅಂತ ಬೆಳಿಗ್ಗೆ ಕೂತು ಬರೀತಿದೀನಿ. ಎರಡು ಕೆಲ್ಸ ಸಿಕ್ಕಿದೆ, ಒಂದು ಪಾಲಿಸಿ ಕಡೇದು, ಇನ್ನೊಂದು ಮ್ಯೂಸಿಯಂ ಕಲೆಕ್ಷನ್ನಲ್ಲಿ, ಯಾವ್ದು ತಗೊಳ್ಲಿ ದೊಡ್ಡಮ್ಮ ಅಂತ ಕೇಳಿದೀಯ, ಕೊನೇಲಿ "ಮ್ಯೂಸಿಯಂ ಅಂದ್ರೆ ಸತ್ತ ಪ್ರಾಣಿಗಳ ಗೋಡೌನ್ ಅಲ್ವಾ" ಅಂತಾನೂ ಸೇರಿಸಿದೀಯ. ಮೂವತ್ತು ವರ್ಷ ಅದೇ ಗೋಡೌನಲ್ಲಿ ಕೂತಿದ್ದೋಳಿಗೆ ಆ ಮಾತು ಚುಚ್ಚುತ್ತೆ ಕಣೆ.

ಪಾಲಿಸೀಲಿ ಈಗ ದೊಡ್ಡ ಕೆಲ್ಸ ನಡೀತಿದೆ, ಇಲ್ಲ ಅನ್ನಲ್ಲ. 2022ರ ಡಿಸೆಂಬರಲ್ಲಿ ಜೀವವೈವಿಧ್ಯ ಕಾಪಾಡೋಕೆ ಅಂತ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದ ಆಯ್ತು, ಒಟ್ಟು 23 ಗುರಿ, ಅದ್ರಲ್ಲಿ ಎಲ್ರೂ ಹೇಳೋದು 2030ರೊಳಗೆ ನೆಲ, ಸಮುದ್ರ ಎರಡರಲ್ಲೂ ಶೇ 30 ಭಾಗ ಕಾಪಾಡ್ಬೇಕು ಅನ್ನೋದು. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ಸೇರಿದಾಗ ದುಡ್ಡಿನ ಮಾತು ಬಗೆಹರೀದೆ ಸಭೆ ಅರ್ಧಕ್ಕೇ ನಿಂತು, 2025ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಮತ್ತೆ ಕೂತ್ರು. ಅಲ್ಲಿ ಕಾಲಿ ಫಂಡ್ ಶುರುವಾಯ್ತು. ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳ ಜೀನ್ ಮಾಹಿತಿ ಬಳಸಿ ಲಾಭ ಮಾಡೋ ಔಷಧಿ, ಕಾಸ್ಮೆಟಿಕ್ಸ್ ತರದ ದೊಡ್ಡ ಕಂಪನಿಗಳು ಅದಕ್ಕೆ ಒಂದು ಪಾಲು ಹಾಕ್ಬೇಕು, ಅದ್ರಲ್ಲಿ ಕನಿಷ್ಠ ಅರ್ಧ ಮೂಲನಿವಾಸಿಗಳಿಗೆ, ಸ್ಥಳೀಯ ಸಮುದಾಯಗಳಿಗೆ ಹೋಗ್ಬೇಕು ಅನ್ನೋದು ಆಶಯ. ಕೊಡೋದನ್ನ ಕಂಪನಿಗಳ ಮನಸ್ಸಿಗೇ ಬಿಟ್ಟಿದಾರಲ್ಲ, ಅದು ಮಾತ್ರ ನಂಗೆ ಒಪ್ಗೆ ಇಲ್ಲ. ಯಾವ ದೇಶಕ್ಕೂ ಸೇರದ ಸಮುದ್ರದ ಜೀವಿಗಳಿಗೂ ಒಂದು ಒಪ್ಪಂದ ಆಗಿ 2026ರ ಜನವರಿ 17ರಿಂದ ಜಾರಿಗೆ ಬಂದಿದೆ.

ಆದ್ರೆ ಪುಟ್ಟಿ, ಯಾವ ಶೇ 30? ಅಲ್ಲಿ ಮುಂಚೆ ಏನಿತ್ತು, ಈಗ ಏನು ಹೋಗಿದೆ ಅಂತ ಗೊತ್ತಿಲ್ದೆ ಮ್ಯಾಪ್ ಮೇಲೆ ಗೆರೆ ಹೇಗೆ ಎಳೀತೀಯ?

ಮೊಟ್ಟೆಗಳ ಕತೆ ಹೇಳ್ತೀನಿ. ಬ್ರಿಟನ್‌ನಲ್ಲಿ ಹಕ್ಕಿ ಮೊಟ್ಟೆ ಕೂಡಿಡೋ ಹುಚ್ಚು ಒಂದು ಕಾಲದಲ್ಲಿ ತುಂಬಾ ಇತ್ತು, ಒಳಗಿನದನ್ನ ಊದಿ ತೆಗ್ದು ಚಿಪ್ಪಷ್ಟೇ ಹತ್ತಿ ಮೇಲೆ ಇಟ್ಟು, ಪಕ್ಕದಲ್ಲಿ ಎಲ್ಲಿ ಸಿಕ್ತು, ಯಾವ ದಿನ ಅಂತ ಬರೆದಿಡ್ತಿದ್ರು. ಗೂಡಿಂದ ಮೊಟ್ಟೆ ಕದಿಯೋದು ನಂಗೆ ಇವತ್ತೂ ತಪ್ಪೇ ಅನ್ಸುತ್ತೆ. ಆದ್ರೂ ಮುಂದೆ ಪೆರೆಗ್ರಿನ್ ಡೇಗೆಗಳು ಕಾವಿಗೆ ಕೂತ್ರೆ ತಮ್ಮ ಮೊಟ್ಟೆಗಳೇ ಒಡೆದು ಹೋಗ್ತಿದ್ದಾಗ, ಯಾಕೆ ಅಂತ ಯಾರಿಗೂ ತಿಳೀದೆ ಇದ್ದಾಗ, ಡೆರೆಕ್ ರಾಟ್‌ಕ್ಲಿಫ್ ಅನ್ನೋ ವಿಜ್ಞಾನಿ ಆ ಹಳೇ ಚಿಪ್ಪುಗಳನ್ನೇ ತೂಕ ಹಾಕಿ, ಉದ್ದ ಅಗಲ ಅಳೆದು, ದಿನಾಂಕದ ಪ್ರಕಾರ ಜೋಡಿಸಿ ನೋಡಿದ್ರು. 1947ರ ಆಸುಪಾಸಿಂದ ಚಿಪ್ಪು ತಟ್ಟಂತ ತೆಳ್ಳಗಾಗಿತ್ತು, ಡಿಡಿಟಿ ಅನ್ನೋ ಕೀಟನಾಶಕ ಎಲ್ಲಾ ಕಡೆ ಬಳಸೋಕೆ ಶುರುವಾದ ಹೊತ್ತು ಅದೇ. 1967ರಲ್ಲಿ ಅದನ್ನ ಪ್ರಕಟಿಸಿದ್ರು, 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧ ಮಾಡ್ದಾಗ ಚಿಪ್ಪಿನ ಈ ವಿಷಯಾನೂ ದೊಡ್ಡ ಸಾಕ್ಷಿ. ಮೊಟ್ಟೆ ತಂದಿಟ್ಟವನಿಗೆ ಡಿಡಿಟಿ ಅನ್ನೋ ಹೆಸರೂ ಗೊತ್ತಿರ್ಲಿಲ್ಲ ನೋಡು, ತಾರೀಕು ಬರೆದಿದ್ದ ಅಷ್ಟೇ.

2017ರಲ್ಲಿ ಬಂದ ಇನ್ನೊಂದು ಕೆಲ್ಸಾನೂ ಹಾಗೇ. ಅಮೆರಿಕದ ಕಾರ್ಖಾನೆ ಪ್ರದೇಶಗಳ ಹಳೇ ಹಕ್ಕಿ ಸ್ಪೆಸಿಮನ್‌ಗಳ ಎದೆ ಪುಕ್ಕಕ್ಕೆ ಹತ್ತಿದ್ದ ಮಸಿ ನೋಡಿ 135 ವರ್ಷದ ಗಾಳಿಯ ಲೆಕ್ಕ ತೆಗೆದ್ರು. ಗಾಳಿ ಅಳೆಯೋ ಯಂತ್ರ ಇಲ್ದಿದ್ದ ಕಾಲದ ಗಾಳಿ!

ಈಗ ನನ್ನದೊಂದು. ಸೇರಿದ ಮೊದ್ಲನೇ ವರ್ಷ ಒಂದು ಪೆಟ್ಟಿಗೆ ತೆಗೆದೆ, ಪತಂಗಗಳು, ಸಾಲಾಗಿ ಪಿನ್ ಹೊಡೆದು ರೆಕ್ಕೆ ಬಿಚ್ಚಿಟ್ಟಿದ್ದು, ಕಣ್ಣಿಗೆ ಹಬ್ಬ. ಬಗ್ಗಿ ನೋಡಿದ್ರೆ ಪಿನ್ ಕೆಳಗೆ ಇರ್ಬೇಕಾದ ಬೆರಳುಗುರಷ್ಟು ಚೀಟಿ ಒಂದರಲ್ಲೂ ಇಲ್ಲ. ಹಿಂದೆ ಯಾವ್ದೋ ಪ್ರದರ್ಶನಕ್ಕೆ ಚೆನ್ನಾಗಿ ಕಾಣ್ಲಿ ಅಂತ ಎಲ್ಲಾ ಕಿತ್ತು ಹಾಕಿದ್ರಂತೆ. ನೂರಾರು ಪತಂಗ, ಎಲ್ಲಿಂದ ಬಂದ್ವು, ಯಾವಾಗ, ಏನೂ ಇಲ್ಲ. ಅವತ್ತು ಆ ಪೆಟ್ಟಿಗೆ ಮುಂದೆ ಕೂತು ಅತ್ತಿದ್ದೆ, ಯಾರಿಗೂ ಹೇಳಿಲ್ಲ ಇಲ್ಲಿವರೆಗೆ.

ಕಳ್ಕೊಳೋಕೆ ಬೆಂಕಿನೇ ಬೇಕಿಲ್ಲ ಪುಟ್ಟಿ. ಬೆಂಕಿ ಬಿದ್ರಂತೂ ಕೇಳೋದೇ ಬೇಡ, ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂಗೆ 200 ವರ್ಷ ತುಂಬಿದ 2018ರಲ್ಲೇ, ಸೆಪ್ಟೆಂಬರ್ 2ರ ರಾತ್ರಿ ಸುಮಾರು 2 ಕೋಟಿ ವಸ್ತು ಇದ್ದ ಸಂಗ್ರಹದ ಬಹುಪಾಲು ಹೋಯ್ತು. ಅಮೆರಿಕದ ಡ್ಯೂಕ್ ಯೂನಿವರ್ಸಿಟಿ ತನ್ನ ಹರ್ಬೇರಿಯಂ ಮುಚ್ತೀವಿ ಅಂತ 2024ರಲ್ಲಿ ಹೇಳಿತು, ಎಂಟು ಲಕ್ಷಕ್ಕೂ ಮೇಲೆ ಒಣಗಿಸಿಟ್ಟ ಗಿಡಗಳು. ಎಲ್ಲಾ ಸ್ಕ್ಯಾನ್ ಮಾಡಿದ್ರೆ ಸಾಕಲ್ವಾ ಅಂತ ನೀನು ಕೇಳ್ತೀಯ. ಸ್ಕ್ಯಾನ್ ಬೇಕು, ಜಗತ್ತಿನ ಯಾವ ಮೂಲೇಲಿ ಕೂತೋರಿಗೂ ಸಿಗುತ್ತೆ, ಆದ್ರೆ ಫೋಟೋನ ತೂಕ ಹಾಕೋಕಾಗಲ್ಲ, ಫೋಟೋದಿಂದ ಡಿಎನ್‌ಎ ತೆಗೆಯೋಕಾಗಲ್ಲ.

ಪಾಲಿಸಿಗೆ ಹೋಗ್ಬೇಡ ಅಂತಿಲ್ಲ ನಾನು. ಮೊದ್ಲು ಎರಡು ವರ್ಷ ಟ್ರೇಗಳ ಜೊತೆ ಇರು. ಒಂದೇ ಒಂದು ಗುಂಪು ಹಿಡ್ಕೋ, ಜೀರುಂಡೆನೋ ಪಾಚಿನೋ ಯಾವ್ದಾದ್ರೂ ಸರಿ, ಹೆಸರು ಹಿಡಿಯೋದನ್ನ ಚೆನ್ನಾಗಿ ಕಲಿ, ಕಲ್ಸೋರು ಕಮ್ಮಿ ಆಗ್ತಿದಾರೆ. ಅನುಮಾನ ಇದ್ರೆ ಅನುಮಾನ ಅಂತಾನೇ ಚೀಟೀಲಿ ಬರಿ, ಊಹೆ ಮಾಡಿ ಹೆಸರು ತುಂಬಿಸ್ಬೇಡ. ಹಳೇ ಚೀಟಿ ತಪ್ಪು ಅನ್ಸಿದ್ರೂ ಕೀಳ್ಬೇಡ, ನಿನ್ನದನ್ನ ಅದರ ಕೆಳಗೆ ಸೇರಿಸು. ಆಮೇಲೆ ದೊಡ್ಡ ಸಭೆಗಳಿಗೆ ಹೋದಾಗ ಯಾರಾದ್ರೂ ಒಂದು ಅಂಕಿ ಹೇಳಿದ್ರೆ, ಇದು ಯಾವ ಪೆಟ್ಟಿಗೆಯಿಂದ ಬಂತು ಅಂತ ಕೇಳೋ ಧೈರ್ಯ ನಿಂಗೆ ಇರುತ್ತೆ.

ಶುಕ್ರವಾರದೊಳಗೆ ಉತ್ತರ ಕೊಡ್ಬೇಕು ಅಂದ್ಯಲ್ಲ, ಅದಕ್ಕೂ ಮುಂಚೆ ಒಂದ್ಸಲ ಆ ಮ್ಯೂಸಿಯಂಗೆ ಹೋಗಿ ಯಾವ್ದಾದ್ರೂ ಒಂದು ಪೆಟ್ಟಿಗೆ ತೆಗೆಸಿ ನೋಡು. ಫೋಟೋ ಕಳ್ಸು ನಂಗೆ, ಚೀಟಿ ಓದೋ ಹಾಗೆ ಹತ್ತಿರದಿಂದ ತೆಗಿ.

ನಿನ್ನ
ದೊಡ್ಡಮ್ಮ